ಗೊಬ್ಬರದ ನಡುವೆಯೇ ಬೆಳೆಯುವ ತರಕಾರಿ: ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ, ಆಲೂಗಡ್ಡೆಗೆ ಏನು ಹಾಕಬೇಕು, ಯಾವಾಗ ನಿಲ್ಲಿಸಬೇಕು

ಕೆಲವು ವರ್ಷಗಳ ಹಿಂದೆ ಮಾಲೂರಿನ ಕಡೆ ಅರ್ಧ ಎಕರೆಗೆ ಕ್ಯಾರೆಟ್ ಹಾಕಿದ್ದೆವು. ಸೊಪ್ಪು ಮೊಣಕಾಲುದ್ದ ಬಂದಿತ್ತು, ಕಡು ಹಸಿರು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಕಿತ್ತಾಗ ವಿಷಯ ಗೊತ್ತಾಯಿತು. ಹತ್ತರಲ್ಲಿ ನಾಲ್ಕಕ್ಕೆ ಎರಡು ಕಾಲು, ಕೆಲವಕ್ಕೆ ಮೂರು. ಮೈತುಂಬ ಕೂದಲಿನಂಥ ಬೇರು. ತೊಟ್ಟಿಯಲ್ಲಿ ತೊಳೆಯುವಾಗ ಕವಲಿನ ಸಂದಿಯಿಂದ ಅರೆಕೊಳೆತ ಸಗಣಿಯ ಉಂಡೆಯೇ ಈಚೆ ಬರುತ್ತಿತ್ತು. ವ್ಯಾಪಾರಿ ಮೂಟೆಗೆ ಕೈ ಹಾಕಿ ಎರಡು ಕ್ಯಾರೆಟ್ ತೆಗೆದು ನೋಡಿದರು, ಮೂಟೆಯನ್ನು ಪಕ್ಕಕ್ಕೆ ಇಡಿಸಿದರು.

ತಪ್ಪು ನಮ್ಮದೇ. ಬಿತ್ತನೆಗೆ ಎಂಟು ದಿನ ಮುಂಚೆ ತಿಪ್ಪೆಯಿಂದ ಹಸಿ ಗೊಬ್ಬರ ತಂದು ಹರಡಿದ್ದೆವು. ಬೆಳೆ ಚೆನ್ನಾಗಿ ಏಳಲಿ ಅಂತ ಯೂರಿಯಾವನ್ನೂ ಮೂರು ಸಲ ಕೊಟ್ಟಿದ್ದೆವು.

ಟೊಮೇಟೊ, ಬೀನ್ಸ್ ಬೆಳೆಗೆ ಗೊಬ್ಬರ ಬೇರಿನ ಹತ್ತಿರ ಇರುತ್ತದೆ, ಕಾಯಿ ಮೇಲೆ ಗಾಳಿಯಲ್ಲಿ ಬೆಳೆಯುತ್ತದೆ. ಗೆಡ್ಡೆ ತರಕಾರಿ ಹಾಗಲ್ಲ. ನಾವು ತಿನ್ನುವ ಭಾಗವೇ ಗೊಬ್ಬರಕ್ಕೆ ಮೈ ತಾಗಿಸಿಕೊಂಡು ಬೆಳೆಯುತ್ತದೆ. ಗೊಬ್ಬರ ಹಸಿಯಾಗಿದ್ದರೆ, ಜಾಸ್ತಿಯಾದರೆ, ತಡವಾದರೆ ಅದು ಆಕಾರ, ರುಚಿ, ಸಿಪ್ಪೆ, ಬಾಳಿಕೆ ಎಲ್ಲದರಲ್ಲೂ ಕಾಣುತ್ತದೆ. ನನ್ನ ಅನುಭವದಲ್ಲಿ ಇಲ್ಲಿ ಎಷ್ಟು ಹಾಕಿದೆವು ಅನ್ನುವುದಕ್ಕಿಂತ ಯಾವಾಗ ಹಾಕಿದೆವು, ಯಾವಾಗ ನಿಲ್ಲಿಸಿದೆವು ಅನ್ನುವುದೇ ದೊಡ್ಡದು. ಅದಕ್ಕೇ ಕೆಳಗಿನ ಹೆಜ್ಜೆಗಳನ್ನು ಬೆಳೆಯ ದಿನಗಳ ಲೆಕ್ಕದಲ್ಲೇ ಬರೆದಿದ್ದೇನೆ.

ಹೆಜ್ಜೆ 1: ಎರಡು ತಿಂಗಳು ಮುಂಚೆ ಮಣ್ಣು ಪರೀಕ್ಷೆ

ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತಾ 8–10 ಕಡೆ ಮಣ್ಣು ತೆಗೆಯಿರಿ. ಮೇಲಿನ ಕಸಕಡ್ಡಿ ಸರಿಸಿ, ಗುದ್ದಲಿಯಿಂದ ಇಂಗ್ಲಿಷ್ ವಿ ಅಕ್ಷರದ ಹಾಗೆ ಗುಂಡಿ ತೋಡಿ, ಅದರ ಗೋಡೆಯಿಂದ ಒಂದು ಪದರ ಕೆರೆದುಕೊಳ್ಳಿ. ಸಾಮಾನ್ಯವಾಗಿ 15 ಸೆಂ.ಮೀ. ಆಳ ಸಾಕು ಅನ್ನುತ್ತಾರೆ. ಗೆಡ್ಡೆ ಬೆಳೆಗೆ ನಾನು 20 ಸೆಂ.ಮೀ.ವರೆಗೂ ಹೋಗುತ್ತೇನೆ. ತಿಪ್ಪೆ ಇದ್ದ ಜಾಗ, ಮರದ ನೆರಳು, ಬದುವಿನ ಅಂಚು ಬಿಟ್ಟುಬಿಡಿ. ಎಲ್ಲವನ್ನೂ ಬೆರೆಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಡಿ. ಹೀಗೇ ಮಾಡುತ್ತಾ ಅರ್ಧ ಕೆಜಿ ಉಳಿಸಿ, ನೆರಳಲ್ಲಿ ಒಣಗಿಸಿ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಡಿ.

ವರದಿ ಬಂದಾಗ ಮೊದಲು ಪಿಎಚ್ ನೋಡಿ. ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ಹೇಳುವ ಅಂಕಿ ಅದು, 7ಕ್ಕಿಂತ ಕೆಳಗಿದ್ದರೆ ಹುಳಿ. ಕ್ಯಾರೆಟ್, ಬೀಟ್‌ರೂಟ್‌ಗೆ 6ರಿಂದ 7 ಒಳ್ಳೆಯದು. ಬೀಟ್‌ರೂಟ್‌ಗೆ ಹುಳಿ ಮಣ್ಣು ಆಗಿಬರುವುದಿಲ್ಲ. ಆಲೂಗಡ್ಡೆಯ ಕಥೆ ಬೇರೆ. ಸ್ವಲ್ಪ ಹುಳಿ ಮಣ್ಣೇ ಅದಕ್ಕೆ ಕ್ಷೇಮ. ಸುಣ್ಣ ಹಾಕಿ ಪಿಎಚ್ ಏರಿಸಿದರೆ ಸಿಪ್ಪೆಯ ಮೇಲೆ ಕಜ್ಜಿಯ ಹಾಗೆ ಒರಟು ಹಕ್ಕಳೆ ಏಳುವ ರೋಗ ಜಾಸ್ತಿಯಾಗುತ್ತದೆ. ಒಲೆಯ ಬೂದಿಯೂ ಸುಣ್ಣದ ಹಾಗೇ ಕೆಲಸ ಮಾಡುತ್ತದೆ. ನಮ್ಮ ಹಿರಿಯರು ಬೂದಿಯನ್ನು ತರಕಾರಿ ಮಡಿಗೆ ಚೆಲ್ಲುತ್ತಿದ್ದರು. ಅದರಲ್ಲಿ ಪೊಟ್ಯಾಷ್ ಇರುವುದು ನಿಜ. ಬೀಟ್‌ರೂಟ್ ಮಡಿಯ ಮಣ್ಣು ಹುಳಿಯಾಗಿದ್ದರೆ ಹಾಕಿ, ಆಲೂಗಡ್ಡೆ ಸಾಲಿಗೆ ಮಾತ್ರ ಬೇಡ.

ಹಿಂದಿನ ಬೆಳೆ ಯಾವುದಾಗಿತ್ತು ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಟೊಮೇಟೊ ಮುಗಿದ ಹೊಲಕ್ಕೇ ಕ್ಯಾರೆಟ್ ಹಾಕುವವರಿದ್ದಾರೆ. ಡ್ರಿಪ್‌ನಲ್ಲಿ ತಿಂಗಳುಗಟ್ಟಲೆ ಗೊಬ್ಬರ ಕುಡಿದ ಮಣ್ಣು ಅದು. ಅಲ್ಲಿ ಸಾರಜನಕ ಉಳಿದೇ ಇರುತ್ತದೆ. ರಾಗಿ ಕೊಯ್ದ ಹೊಲಕ್ಕೆ ಕೊಡುವಷ್ಟನ್ನೇ ಅಲ್ಲೂ ಕೊಟ್ಟರೆ ಸೊಪ್ಪಿನ ಬೆಳೆ ಆಗುತ್ತದೆ ಅಷ್ಟೇ.

ಹೆಜ್ಜೆ 2: ಕೊಟ್ಟಿಗೆ ಗೊಬ್ಬರ ಕಳಿತಿದೆಯೇ, ನೋಡಿಯೇ ಹಾಕಿ

ಕವಲೊಡೆದ ಕ್ಯಾರೆಟ್‌ಗೆ ಕಾರಣ ಹುಟ್ಟುವುದು ಮೊದಲ 3–4 ವಾರಗಳಲ್ಲಿ. ಆಗ ಮೇಲೆ ಇನ್ನೂ ಹುಲ್ಲಿನ ಎಳೆಯಂಥ ಸೊಪ್ಪಿರುತ್ತದೆ. ಕೆಳಗೆ ದಾರದಷ್ಟು ತೆಳ್ಳಗಿನ ತಾಯಿಬೇರು ನೇರ ಇಳಿಯುತ್ತಿರುತ್ತದೆ. ಕ್ಯಾರೆಟ್ಟಿನ ಉದ್ದ ತೀರ್ಮಾನವಾಗುವುದು ಆಗಲೇ. ಆಮೇಲೆ ಬರೀ ದಪ್ಪವಾಗುತ್ತದೆ. ಇಳಿಯುತ್ತಿರುವ ಆ ತುದಿಗೆ ಹಸಿ ಸಗಣಿ ತಾಗಿದರೆ ಅಥವಾ ಗೊಬ್ಬರದ ಉಪ್ಪು ತಾಗಿದರೆ ತುದಿ ಸುಟ್ಟು ಸಾಯುತ್ತದೆ. ಪಕ್ಕದ ಬೇರುಗಳು ಅದರ ಕೆಲಸಕ್ಕೆ ನಿಲ್ಲುತ್ತವೆ. ಅವೇ ದಪ್ಪವಾಗಿ ಎರಡು ಕಾಲು, ಮೂರು ಕಾಲು ಆಗುವುದು. ಮೂಲಂಗಿಗೂ ಇದೇ ಕಥೆ.

ಹಾಗಂತ ಕೊಟ್ಟಿಗೆ ಗೊಬ್ಬರ ಬೇಡವೇ ಬೇಡ ಅನ್ನುವುದು ತಪ್ಪು. ನಮ್ಮ ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ಮೊದಲೇ ಕಡಿಮೆ. ಮಳೆ ಬಿದ್ದು ಬಿಸಿಲು ಹತ್ತಿದರೆ ಮೇಲೆ ಹೆಪ್ಪುಗಟ್ಟುತ್ತದೆ. ಗೊಬ್ಬರವಿಲ್ಲದೆ ಗೆಡ್ಡೆ ನೆಟ್ಟಗೆ ಇಳಿಯುವುದಿಲ್ಲ. ಎಕರೆಗೆ ಸುಮಾರು 8–10 ಟನ್ ಬೇಕು, ಆದರೆ ಪೂರ್ತಿ ಕಳಿತದ್ದಾಗಿರಬೇಕು.

ಕಳಿತಿದೆಯೇ ಅಂತ ಗೊತ್ತು ಮಾಡಿಕೊಳ್ಳಲು ತಿಪ್ಪೆಯ ಮೇಲುಗಡೆ ಸುಮ್ನೆ ನೋಡಿದರೆ ಸಾಲದು. ಮೊಣಕೈ ಉದ್ದ ಒಳಗಿನಿಂದ ಒಂದು ಹಿಡಿ ತೆಗೆಯಿರಿ. ಬಿಸಿ ಇದ್ದರೆ ಇನ್ನೂ ಕೊಳೆಯುತ್ತಿದೆ ಅಂತ ಅರ್ಥ. ಗಂಜಲದ ಘಾಟು ಮೂಗಿಗೆ ಹೊಡೆದರೂ ಅಷ್ಟೇ. ಹುಲ್ಲು ಹುಲ್ಲಾಗಿ ಕಂಡರೂ ಅಷ್ಟೇ. ಕಳಿತ ಗೊಬ್ಬರಕ್ಕೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತದೆ, ಕೈಯಲ್ಲಿ ಪುಡಿಪುಡಿಯಾಗುತ್ತದೆ.

ಅನುಮಾನ ಉಳಿದರೆ ಇನ್ನೊಂದು ಪರೀಕ್ಷೆ ಇದೆ. ಈಗ ನಾನು ಪ್ರತಿ ಸಲ ಮಾಡುವುದು ಇದನ್ನೇ. ಎರಡು ಚಿಕ್ಕ ಕುಂಡ ತೆಗೆದುಕೊಳ್ಳಿ. ಒಂದಕ್ಕೆ ಬರೀ ಹೊಲದ ಮಣ್ಣು, ಇನ್ನೊಂದಕ್ಕೆ ಅರ್ಧ ಮಣ್ಣು, ಅರ್ಧ ಆ ಗೊಬ್ಬರ. ಎರಡಕ್ಕೂ 20 ಮೂಲಂಗಿ ಬೀಜ ಹಾಕಿ. ಮೂಲಂಗಿ ಬೇಗ ಮೊಳೆಯುತ್ತದೆ, ಒಂದು ವಾರದಲ್ಲಿ ಉತ್ತರ ಸಿಗುತ್ತದೆ. ಗೊಬ್ಬರದ ಕುಂಡದಲ್ಲಿ ಮೊಳಕೆ ಕಡಿಮೆ ಬಂದರೆ, ಕಿತ್ತು ನೋಡಿದಾಗ ಬೇರಿನ ತುದಿ ಕಂದಾಗಿದ್ದರೆ, ಆ ಗೊಬ್ಬರ ಇನ್ನೂ ತಿಪ್ಪೆಯಲ್ಲೇ ಇರಲಿ.

ಕೋಳಿ ಗೊಬ್ಬರದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದರಲ್ಲಿ ಸಾರಜನಕವೂ ಉಪ್ಪೂ ಜಾಸ್ತಿ. ಫಾರಂನಿಂದ ಲೋಡ್ ಬಂದ ಕೂಡಲೇ ಹೊಲಕ್ಕೆ ಇಳಿಸಬೇಡಿ. ಕುರಿ ಮಂದೆ ಹಾಕಿಸುವುದಿದ್ದರೆ (ಗೊಬ್ಬರಕ್ಕಾಗಿ ಕುರಿ ಹಿಂಡನ್ನು ರಾತ್ರಿ ಹೊಲದಲ್ಲಿ ತಂಗಿಸುವುದು) ಗೆಡ್ಡೆಗಿಂತ ಹಿಂದಿನ ಬೆಳೆಗೇ ಹಾಕಿಸಿ. ಹಸಿ ಗೊಬ್ಬರವನ್ನು ಎಲೆಕೋಸಿಗೆ, ಜೋಳಕ್ಕೆ ಕೊಟ್ಟು, ಅದು ಉಂಡು ಮಿಕ್ಕಿದ್ದರಲ್ಲಿ ಕ್ಯಾರೆಟ್ ಬೆಳೆಯುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ. ಸೆಣಬು ಬಿತ್ತಿ ಮಣ್ಣಿಗೆ ಸೇರಿಸುವವರು ಹೂ ಬರುವ ಹೊತ್ತಿಗೆ ಉತ್ತು, 3–4 ವಾರ ಕೊಳೆಯಲು ಬಿಟ್ಟು ಆಮೇಲೆ ಬಿತ್ತಬೇಕು.

ಒಂದು ಮಾತು. ಕವಲೊಡೆದ ಗೆಡ್ಡೆಗೆಲ್ಲ ಗೊಬ್ಬರವೇ ಕಾರಣವಲ್ಲ. ಬೇರಿನ ಮೇಲೆ ಗಂಟು ಗಂಟಾಗಿದ್ದರೆ ಅದು ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದ ಜಂತುಹುಳುವಿನ (ನೆಮಟೋಡ್) ಕಾಟ. ಎಲ್ಲ ಗೆಡ್ಡೆಗಳೂ ಒಂದೇ ಆಳದಲ್ಲಿ ಸೊಟ್ಟಗಾಗಿದ್ದರೆ ಕೆಳಗೆ ಗಟ್ಟಿ ಪದರ ಇದೆ. ಬರೀ ರೋಟವೇಟರ್ ಓಡಿಸಿದ ಹೊಲದಲ್ಲಿ ಇದು ಸಾಮಾನ್ಯ. ಆಳವಾಗಿ ಉಳುಮೆ ಮಾಡಿ ಏರು ಮಡಿ ಕಟ್ಟಿದರೆ ಸರಿಯಾಗುತ್ತದೆ.

ಹೆಜ್ಜೆ 3: ಬಿತ್ತುವ ದಿನದ ತಳಗೊಬ್ಬರ

ವರದಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಇಷ್ಟಿಷ್ಟು ಕೆಜಿ ಅಂತ ಬರೆದಿರುತ್ತಾರೆ. ಅಂಗಡಿಯಲ್ಲಿ ಸಿಗುವುದು ಮೂಟೆ. ನಡುವಿನ ಲೆಕ್ಕ ನಾವೇ ಮಾಡಿಕೊಳ್ಳಬೇಕು. ಉದಾಹರಣೆಗೆ ನಿಮ್ಮ ವರದಿ ಎಕರೆಗೆ 30 ಕೆಜಿ ಸಾರಜನಕ, 25 ಕೆಜಿ ರಂಜಕ, 25 ಕೆಜಿ ಪೊಟ್ಯಾಷ್ ಅನ್ನುತ್ತದೆ ಅಂದುಕೊಳ್ಳಿ. ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರದಲ್ಲಿ 18% ಸಾರಜನಕ, 46% ರಂಜಕ. 54 ಕೆಜಿ ಡಿಎಪಿ ಹಾಕಿದರೆ 25 ಕೆಜಿ ರಂಜಕವೂ ಹತ್ತಿರ ಹತ್ತಿರ 10 ಕೆಜಿ ಸಾರಜನಕವೂ ಬಂತು. ಉಳಿದ 20 ಕೆಜಿ ಸಾರಜನಕಕ್ಕೆ 46% ಇರುವ ಯೂರಿಯಾ 44 ಕೆಜಿ, ಅಂದರೆ ಈಗಿನ 45 ಕೆಜಿಯ ಒಂದು ಮೂಟೆ. ಪೊಟ್ಯಾಷ್‌ಗೆ 60%ನ ಎಂಒಪಿ (ಮ್ಯುರಿಯೇಟ್ ಆಫ್ ಪೊಟ್ಯಾಷ್) 42 ಕೆಜಿ. ಲೆಕ್ಕ ಇಷ್ಟೇ. ಎಷ್ಟೋ ಜನ ಡಿಎಪಿಯೊಳಗಿನ ಸಾರಜನಕವನ್ನು ಮರೆತು ಯೂರಿಯಾ ಪೂರ್ತಿ ಹಾಕುತ್ತಾರೆ. ಜಾಸ್ತಿಯಾಗುವುದು ಅಲ್ಲೇ.

ಬಿತ್ತುವಾಗ ರಂಜಕ ಪೂರ್ತಿ, ಪೊಟ್ಯಾಷ್ ಅರ್ಧ, ಸಾರಜನಕ ಅರ್ಧಕ್ಕಿಂತ ಕಡಿಮೆ. ರಂಜಕ ಮಣ್ಣಿನಲ್ಲಿ ಹೆಚ್ಚು ಓಡಾಡುವುದಿಲ್ಲ. ಬೇರು ಇಳಿಯುವ ಜಾಗದಲ್ಲೇ ಮೊದಲೇ ಇರಬೇಕು. ಮೇಲೆ ಚೆಲ್ಲಿದ ಡಿಎಪಿ ಗೆಡ್ಡೆಗೆ ಅಷ್ಟಾಗಿ ಸಿಗುವುದಿಲ್ಲ. ಡಿಎಪಿ ಬದಲು ಸೂಪರ್ ಫಾಸ್ಫೇಟ್ ಹಾಕಿದರೆ ಜೊತೆಗೆ ಸುಮಾರು 11% ಗಂಧಕವೂ ಬರುತ್ತದೆ. ಮೂಲಂಗಿಯ ಖಾರಕ್ಕೆ ಗಂಧಕವೇ ಮೂಲ. ಗೊಬ್ಬರದ ಹರಳು ಬೀಜಕ್ಕೆ ತಾಗದಂತೆ ಮಣ್ಣಿಗೆ ಚೆನ್ನಾಗಿ ಬೆರೆಸಿ. ಕ್ಯಾರೆಟ್ ಬೀಜ ಬಹಳ ಸೂಕ್ಷ್ಮ, ಉಪ್ಪು ತಡೆಯುವುದಿಲ್ಲ.

ಹೆಜ್ಜೆ 4: ಯೂರಿಯಾ ಕೊಡುವ ದಿನ, ನಿಲ್ಲಿಸುವ ದಿನ

ಈ ಹೆಜ್ಜೆಯನ್ನು ದಯವಿಟ್ಟು ನಿಧಾನವಾಗಿ ಓದಿ.

ಎಲೆ ಬಿಸಿಲಿನಲ್ಲಿ ಸಕ್ಕರೆ ತಯಾರಿಸುತ್ತದೆ. ಆ ಸಕ್ಕರೆಯಿಂದ ಹೊಸ ಎಲೆಯೂ ಆಗಬಹುದು, ಕೆಳಗಿಳಿದು ಗೆಡ್ಡೆಯೂ ತುಂಬಬಹುದು. ಸಾರಜನಕ ಸಿಗುತ್ತಲೇ ಇದ್ದರೆ ಗಿಡ ಹೊಸ ಎಲೆ ಮಾಡುತ್ತಲೇ ಇರುತ್ತದೆ. ಗೆಡ್ಡೆಗೆ ಇಳಿಯುವ ಸಕ್ಕರೆ ಕಡಿಮೆಯಾಗುತ್ತದೆ. ಗಾತ್ರ ಬಂದರೂ ಒಳಗೆ ನೀರು ಜಾಸ್ತಿ, ಸಿಹಿ ಕಡಿಮೆ. ಅಂಥ ಬೀಟ್‌ರೂಟ್ ಪಲ್ಯ ಮಾಡಿದಾಗ ಬಾಣಲೆಯಲ್ಲಿ ನೀರು ಬಿಟ್ಟುಕೊಂಡು ಸಪ್ಪೆಯಾಗುತ್ತದೆ, ಗಮನಿಸಿದ್ದೀರಲ್ವಾ? ಮೂಲಂಗಿ ಬೇಗ ಬೆಂಡಾಗುತ್ತದೆ. ಕ್ಯಾರೆಟ್ ಸೀಳುತ್ತದೆ. ಆಲೂಗಡ್ಡೆ ಗಬಗಬನೆ ಊದಿಕೊಂಡು ನಡುವೆ ಟೊಳ್ಳಾಗುತ್ತದೆ, ಸಿಪ್ಪೆ ಬಲಿಯುವುದಿಲ್ಲ, ಹೆಬ್ಬೆರಳಲ್ಲಿ ಒತ್ತಿ ತಳ್ಳಿದರೆ ಸುಲಿದು ಬರುತ್ತದೆ. ಸುಲಿದ ಜಾಗದಿಂದಲೇ ಕೊಳೆ ಶುರು.

ಇನ್ನೊಂದು ವಿಷಯ ತಿನ್ನುವವರ ಆರೋಗ್ಯಕ್ಕೆ ಸೇರಿದ್ದು. ಬೀಟ್‌ರೂಟ್, ಮೂಲಂಗಿ ಎರಡೂ ನೈಟ್ರೇಟ್ ಅಂಶವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವ ತರಕಾರಿಗಳು. ಕೊಯ್ಲಿನ ಹತ್ತಿರ ಯೂರಿಯಾ ಕೊಟ್ಟರೆ ಅದು ಇನ್ನೂ ಏರುತ್ತದೆ. ಎಳೆ ಕೂಸಿಗೆ ಬೇಯಿಸಿ ತಿನ್ನಿಸುವ ತರಕಾರಿ ಇದು. ನಾವು ಬೆಳೆಯುವವರು ಇದನ್ನು ನೆನಪಿಡಬೇಕು.

ದಿನಗಳ ಲೆಕ್ಕ ಹೀಗಿಟ್ಟುಕೊಳ್ಳಿ. 40–45 ದಿನದ ಮೂಲಂಗಿಗೆ ಒಂದೇ ಮೇಲುಗೊಬ್ಬರ (ಬೆಳೆ ಎದ್ದ ಮೇಲೆ ಕೊಡುವ ಉಳಿದ ಪಾಲು), 15ರಿಂದ 20ನೇ ದಿನದೊಳಗೆ. ಅಲ್ಲಿಗೆ ಮುಗಿಯಿತು. ಬೀಟ್‌ರೂಟ್‌ಗೆ 25–30ನೇ ದಿನ ಕೊಡಿ, 40 ದಾಟಿದ ಮೇಲೆ ಬೇಡ. 90–100 ದಿನದ ಕ್ಯಾರೆಟ್‌ಗೆ ಕಳೆ ತೆಗೆದು, ಒತ್ತಾದ ಸಸಿ ಕಿತ್ತು ತೆಳುಮಾಡಿದ ಮೇಲೆ 30ನೇ ದಿನದ ಹೊತ್ತಿಗೆ ಒಂದು ಸಲ. ಮರಳು ಮಣ್ಣಾದರೆ ಅದನ್ನೇ ಎರಡು ಪಾಲು ಮಾಡಿ, 45–50ನೇ ದಿನಕ್ಕೆ ಮುಗಿಸಿ. ಆಲೂಗಡ್ಡೆಗೆ 30ನೇ ದಿನ ಮಣ್ಣು ಏರಿಸುವಾಗ ಕೊಟ್ಟರೆ ಸಾಕು.

ಯೂರಿಯಾವನ್ನು ಸಸಿಯ ಕುತ್ತಿಗೆಗೆ ಉದುರಿಸಬೇಡಿ. ಸಾಲಿನಿಂದ ನಾಲ್ಕು ಬೆರಳು ದೂರ ಗೀರು ಎಳೆದು, ಹಾಕಿ, ಮಣ್ಣು ಮುಚ್ಚಿ ನೀರು ಕೊಡಿ. 60ನೇ ದಿನ ಸೊಪ್ಪು ಸ್ವಲ್ಪ ತಿಳಿಯಾದರೆ ಗಾಬರಿ ಬೇಡ. ಕೆಳಗೆ ಗೆಡ್ಡೆ ತುಂಬುತ್ತಿದೆ. ಆಗ ಒಂದು ಹಿಡಿ ಯೂರಿಯಾ ಕೊಡೋಣ ಅನಿಸುತ್ತದೆ. ದಯವಿಟ್ಟು ತಡೆದುಕೊಳ್ಳಿ.

ಹೆಜ್ಜೆ 5: ಪೊಟ್ಯಾಷ್

ಎಲೆಯ ಸಕ್ಕರೆಯನ್ನು ಗೆಡ್ಡೆಗೆ ಇಳಿಸುವ ಕೆಲಸದಲ್ಲಿ ಪೊಟ್ಯಾಷ್ ಇಲ್ಲದೆ ನಡೆಯುವುದಿಲ್ಲ. ಸಿಹಿ, ಗಟ್ಟಿತನ, ಬಾಳಿಕೆ ಮೂರಕ್ಕೂ ಇದು ಬೇಕು. ಹಾಸನದ ಕಡೆಯ ಆಲೂಗಡ್ಡೆಗೆ ಸಾಮಾನ್ಯವಾಗಿ ಹೇಳುವ ಶಿಫಾರಸು ಹೆಕ್ಟೇರಿಗೆ 125:100:125, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಕ್ರಮವಾಗಿ ಇಷ್ಟು ಕೆಜಿ. ನೋಡಿ, ಪೊಟ್ಯಾಷ್ ಸಾರಜನಕದಷ್ಟೇ ಇದೆ. ನಾವು ಹಾಕುವಾಗ ಮಾತ್ರ ಯೂರಿಯಾ ಕೈಬಿಚ್ಚಿ, ಪೊಟ್ಯಾಷ್ ಕೈಬಿಗಿದು ಹಾಕುತ್ತೇವೆ.

ಅರ್ಧ ಪಾಲನ್ನು ತಳಕ್ಕೆ, ಇನ್ನರ್ಧವನ್ನು ಮೇಲುಗೊಬ್ಬರದ ಜೊತೆ ಕೊಡಿ. ಸಾಧಾರಣ ತರಕಾರಿಗೆ ಕೆಂಪು ಬಣ್ಣದ ಎಂಒಪಿ ಸಾಕು. ಚಿಪ್ಸ್‌ಗೆ ಹೋಗುವ ಆಲೂಗಡ್ಡೆಯಾದರೆ ಎಸ್‌ಒಪಿ ಒಳ್ಳೆಯದು. ಎಸ್‌ಒಪಿ ಅಂದರೆ ಸಲ್ಫೇಟ್ ರೂಪದ ಪೊಟ್ಯಾಷ್ ಗೊಬ್ಬರ. ಎಂಒಪಿಯಲ್ಲಿ ಕ್ಲೋರೈಡ್ ಇರುತ್ತದೆ. ಅದು ಜಾಸ್ತಿಯಾದರೆ ಗೆಡ್ಡೆಯಲ್ಲಿ ನೀರು ಹೆಚ್ಚಿ ಹಿಟ್ಟಿನ ಅಂಶ ಕುಗ್ಗುತ್ತದೆ. ಎಸ್‌ಒಪಿ ದುಬಾರಿ ಅನ್ನುವುದೂ ನಿಜ. ಪಲ್ಯ, ಸಾಗುವಿನ ಆಲೂಗಡ್ಡೆಗೆ ಅಷ್ಟು ಖರ್ಚು ಬೇಡ.

ಹೆಜ್ಜೆ 6: ಚಿಟಿಕೆಯಷ್ಟು ಬೋರಾನ್

ಹೊರಗಿನಿಂದ ಗುಂಡಗೆ, ನುಣ್ಣಗೆ ಇದ್ದ ಬೀಟ್‌ರೂಟನ್ನು ಕತ್ತರಿಸಿದಾಗ ಒಳಗೆ ಕಪ್ಪು ಕಲೆ ಕಂಡಿದ್ದೀರಾ? ಕೆಂಪಿನ ನಡುವೆ ಮಸಿ ಮೆತ್ತಿದ ಹಾಗೆ, ಮುಟ್ಟಿದರೆ ಬೆಂಡಿನಂತೆ ಗಟ್ಟಿ. ಕೊಳೆ ಅಂದುಕೊಂಡು ಬಿಸಾಡುತ್ತೇವೆ. ಬಹುಪಾಲು ಅದು ಬೋರಾನ್ ಕೊರತೆ. ಗಿಡಕ್ಕೆ ಬಹಳ ಸ್ವಲ್ಪವೇ ಬೇಕಾದ ಪೋಷಕಾಂಶ ಅದು. ಮೂಲಂಗಿಯಲ್ಲಿ ಇದೇ ಕೊರತೆ ಒಳಗಿನ ಕಂದು ಬಣ್ಣವಾಗಿ ಕಾಣುತ್ತದೆ. ಕ್ಯಾರೆಟ್‌ನಲ್ಲಿ ಉದ್ದುದ್ದ ಸೀಳಾಗಿ ಕಾಣುತ್ತದೆ.

2009ರಲ್ಲಿ ಶುರುವಾದ ಭೂಚೇತನ ಕಾರ್ಯಕ್ರಮದಲ್ಲಿ ನಮ್ಮ ರಾಜ್ಯದ ಹೊಲಗಳ ಮಣ್ಣು ಪರೀಕ್ಷಿಸಿದಾಗ ಗಂಧಕ, ಸತು, ಬೋರಾನ್ ಮೂರರ ಕೊರತೆ ಬಹಳ ಕಡೆ ಕಂಡಿತ್ತು. ಹಾಗಾಗಿ ವರದಿಯಲ್ಲಿ ಬೋರಾನ್ ಸಾಲನ್ನು ಹುಡುಕಿ ನೋಡಿ. ಕಡಿಮೆ ಇದ್ದರೆ ಎಕರೆಗೆ 4 ಕೆಜಿ ಬೋರಾಕ್ಸ್ ಸಾಕು. ಇಷ್ಟು ಚಿಕ್ಕ ಪ್ರಮಾಣ ಎಕರೆಗೆಲ್ಲ ಸಮವಾಗಿ ಬೀಳಬೇಕಾದರೆ ಎರಡು ಬುಟ್ಟಿ ಪುಡಿ ಗೊಬ್ಬರದ ಜೊತೆ ಬೆರೆಸಿ ಎರಚಿ. ಮಣ್ಣಿಗೆ ಹಾಕಲಾಗದಿದ್ದರೆ 20% ಬೋರಾನ್ ಪುಡಿಯನ್ನು ಲೀಟರಿಗೆ 1 ಗ್ರಾಂನಂತೆ ಕರಗಿಸಿ, ಬೀಟ್‌ರೂಟ್, ಕ್ಯಾರೆಟ್‌ಗೆ 30 ಮತ್ತು 45ನೇ ದಿನ ಸಂಜೆ ಹೊತ್ತು ಸಿಂಪಡಿಸಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ವೆಜಿಟೇಬಲ್ ಸ್ಪೆಷಲ್ (ಎಲೆಗೆ ಸಿಂಪಡಿಸುವ ಲಘು ಪೋಷಕಾಂಶಗಳ ಮಿಶ್ರಣ) ಬಳಸುವವರು ಅದರಲ್ಲೂ ಬೋರಾನ್ ಇದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ.

ಬೋರಾನ್ ಕಡಿಮೆಗೂ ಜಾಸ್ತಿಗೂ ನಡುವೆ ಅಂತರ ಬಹಳ ಕಿರಿದು. ಪ್ರತಿ ಬೆಳೆಗೂ ಹಾಕಬೇಡಿ. ಮುಖ್ಯವಾಗಿ ಕ್ಯಾರೆಟ್ ಕಿತ್ತ ಮೇಲೆ ಬೀನ್ಸ್ ಹಾಕುವ ಅಭ್ಯಾಸ ಇದ್ದವರು ಎಚ್ಚರ. ಬೀನ್ಸ್‌ಗೆ ಬೋರಾನ್ ಹೆಚ್ಚಾದರೆ ಎಲೆಯಂಚು ಸುಡುತ್ತದೆ.

ಹೆಜ್ಜೆ 7: ಕಿತ್ತ ಮೇಲೆ ಹತ್ತು ಗೆಡ್ಡೆ ಕೊಯ್ದು ನೋಡಿ

ಕೊಯ್ಲಿನ ದಿನ ಬೇರೆಬೇರೆ ಮಡಿಗಳಿಂದ ಹತ್ತು ಗೆಡ್ಡೆ ತಂದು ಉದ್ದಕ್ಕೆ ಸೀಳಿ. ಒಳಗೆ ಕಪ್ಪು ಕಂಡರೆ ಬೋರಾನ್. ಕವಲು, ಕೂದಲು ಬೇರು ಕಂಡರೆ ಹಸಿ ಗೊಬ್ಬರ. ಸೊಪ್ಪು ದೊಡ್ಡದು, ಗೆಡ್ಡೆ ಸಣ್ಣದು ಅಂದರೆ ಯೂರಿಯಾ. ಸೀಳು ಕಂಡರೆ ನೀರು ಕೊಟ್ಟ ದಿನಗಳನ್ನೂ ನೆನಪಿಸಿಕೊಳ್ಳಿ. ವಾರಗಟ್ಟಲೆ ಒಣಗಿಸಿ ಒಮ್ಮೆಲೇ ನೀರು ಹಾಯಿಸಿದರೂ ಗೆಡ್ಡೆ ಸೀಳುತ್ತದೆ. ಬೋರಾನ್ ಬೇರಿಗೆ ಸಿಗದೇ ಹೋಗುವುದೂ ಮಣ್ಣು ಒಣಗಿದಾಗಲೇ.

ಗೊಬ್ಬರದ ತಪ್ಪಲ್ಲದವೂ ಇವೆ. ಬೇಸಿಗೆಯ ಕ್ಯಾರೆಟ್ ಬಣ್ಣ ಮಂಕಾಗುವುದು ಬಿಸಿಲಿಗೆ. ಬೀಟ್‌ರೂಟ್ ಒಳಗೆ ಬಿಳಿ ಬಳೆ ಬಳೆಯಾಗಿ ಕಾಣುವುದೂ ಸೆಕೆಗೇ. ಕ್ಯಾರೆಟ್ ತಲೆ ಹಸಿರಾದರೆ ಮಣ್ಣು ಏರಿಸಿದ್ದು ಸಾಲದು. ಇವಕ್ಕೆಲ್ಲ ಗೊಬ್ಬರ ಹುಡುಕಿಕೊಂಡು ಅಂಗಡಿಗೆ ಹೋದರೆ ದುಡ್ಡು ದಂಡ.

ಆಲೂಗಡ್ಡೆಗೆ ಅಡುಗೆಮನೆಯ ಪರೀಕ್ಷೆಯೊಂದಿದೆ. 11 ಲೋಟ ನೀರಿಗೆ ಅದೇ ಲೋಟದಲ್ಲಿ 1 ಲೋಟ ಪುಡಿ ಉಪ್ಪು ಕರಗಿಸಿ. ಗೆಡ್ಡೆ ಬಿಡಿ. ಮುಳುಗಿದರೆ ಹಿಟ್ಟು ತುಂಬಿದ ಗೆಡ್ಡೆ, ಬೇಯಿಸಿದರೆ ಪುಡಿಪುಡಿಯಾಗಿ ಅರಳುತ್ತದೆ. ತೇಲಿದರೆ ನೀರು ಜಾಸ್ತಿ. ಯೂರಿಯಾ ಕಡಿಮೆ ಕೊಟ್ಟ ಸಾಲಿನದ್ದನ್ನೂ ಜಾಸ್ತಿ ಕೊಟ್ಟ ಸಾಲಿನದ್ದನ್ನೂ ಬೇರೆಬೇರೆ ಬಿಟ್ಟು ನೋಡಿ, ಕಣ್ಣಿಗೇ ಕಾಣುತ್ತದೆ. ಅಗೆಯುವ ಸುಮಾರು 10 ದಿನ ಮುಂಚೆ ಆಲೂಗಡ್ಡೆ ಗಿಡದ ಮೇಲ್ಭಾಗ ಕೊಯ್ದುಬಿಟ್ಟರೆ ಸಿಪ್ಪೆ ಬಲಿಯುತ್ತದೆ. ಕ್ಯಾರೆಟ್ ಕಿತ್ತ ಕೂಡಲೇ ಸೊಪ್ಪು ತೆಗೆಯಿರಿ. ಸೊಪ್ಪು ಇದ್ದರೆ ಗೆಡ್ಡೆಯ ನೀರು ಹೀರುತ್ತದೆ.

ತಾರಸಿಯಲ್ಲಿ ಬೆಳೆಯುವವರಿಗೆ

ಕುಂಡದಲ್ಲೂ ನಿಯಮ ಇವೇ, ಆದರೆ ತಪ್ಪು ಬೇಗ ತೋರುತ್ತದೆ. ಒಂದು ಅಡಿಗಿಂತ ಆಳವಾದ ಚೀಲ ಅಥವಾ ಬಕೆಟ್ ತೆಗೆದುಕೊಳ್ಳಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಗೊಬ್ಬರ ಅಥವಾ ಎರೆಗೊಬ್ಬರ. ಕಲ್ಲು ಬರದಂತೆ ಜರಡಿ ಹಿಡಿಯಿರಿ. ಅಡುಗೆಮನೆ ಕಸದ ಅರೆಕಳಿತ ಕಾಂಪೋಸ್ಟನ್ನು ಕ್ಯಾರೆಟ್ ಚೀಲಕ್ಕೆ ಹಾಕಬೇಡಿ, ಬದನೆಗೋ ಸೊಪ್ಪಿಗೋ ಹಾಕಿ. ಬೀಟ್‌ರೂಟ್ ಕುಂಡಕ್ಕೆ 30ನೇ ದಿನ ಒಂದು ಚಮಚ ಬೂದಿ ಕೊಡಿ. ಯೂರಿಯಾ ಬೇಕಾಗುವುದಿಲ್ಲ. ಮೂಲಂಗಿಯನ್ನು 40–45 ದಿನಕ್ಕೆ ಕಿತ್ತುಬಿಡಿ, ಇನ್ನೂ ದಪ್ಪವಾಗಲಿ ಅಂತ ಕಾದರೆ ಒಳಗೆ ಬೆಂಡಾಗುತ್ತದೆ.